ಐದು ತಿಂಗಳು ಮನೆಗೆ ಬೀಗ: ಬೆಳ್ಳಿ, ಬಂಗಾರ, ಬೀರು ಏನು ಮಾಡಲಿ?

ರಸಬಾಳೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳಿಗೆ ನವೆಂಬರ್‌ನಲ್ಲಿ ದಿನ ತುಂಬುತ್ತದೆ. ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಅಮೆರಿಕಕ್ಕೆ ಹೊರಟಿದ್ದೇವೆ. ಐದು ತಿಂಗಳು ಮನೆ ಖಾಲಿ. ಅಂಟಿನ ಉಂಡೆ, ಖಾರದ ಪುಡಿ, ಮಗುವಿಗೆ ಹಳೇ ಪಂಚೆಯ ಬಟ್ಟೆ ಎಲ್ಲ ಕಟ್ಟಿ ಆಯಿತು. ಮನೆ ಚಿಂತೆ ಮಾತ್ರ ಬಿಡುತ್ತಿಲ್ಲ.

ನಮ್ಮದು ನೆಲಮಹಡಿ ಮನೆ, ನಲವತ್ತು ಅರವತ್ತರ ಸೈಟು. ಎಡಕ್ಕೆ ಖಾಲಿ ಸೈಟು, ಆಳೆತ್ತರ ಪಾರ್ಥೇನಿಯಂ ಬೆಳೆದಿದೆ. ಬಲಕ್ಕೆ ರಿಟೈರ್ಡ್ ಮೇಷ್ಟ್ರು ದಂಪತಿ ಇದ್ದಾರೆ, ಒಳ್ಳೆಯ ಜನ, ಆದರೆ ರಾತ್ರಿ ಎಂಟೂವರೆಗೆ ದೀಪ ಆರಿಸುತ್ತಾರೆ. ಹಿತ್ತಲಲ್ಲಿ ಎರಡು ತೆಂಗು, ಒಂದಿಷ್ಟು ಬಾಳೆ. ಕಾಂಪೌಂಡ್ ಹಾರುವುದು ಕಷ್ಟವೇನಲ್ಲ.

ಬಂಗಾರ ಬ್ಯಾಂಕ್ ಲಾಕರ್‌ಗೆ ಹೋಗುತ್ತದೆ. ತಲೆನೋವು ಬೆಳ್ಳಿಯದ್ದು. ಅತ್ತೆ ಕಾಲದ ಎರಡು ದೀಪಾಲೆ ಕಂಬ, ನಾಲ್ಕು ಊಟದ ತಟ್ಟೆ, ಪಂಚಪಾತ್ರೆ ಉದ್ಧರಣೆ, ಅರಿಶಿನ ಕುಂಕುಮದ ಬಟ್ಟಲು, ತಂಬಿಗೆ. ನಮ್ಮ ಲಾಕರ್‌ನಲ್ಲಿ ಕಂಬ ಹಿಡಿಸುವುದಿಲ್ಲ. ಇದರ ಜೊತೆ ರೇಷ್ಮೆ ಸೀರೆಗಳು, ಯಜಮಾನರ ಹಳೇ ಕ್ಯಾಮೆರಾ, ಟಿವಿ.

ಯಜಮಾನರು ಅಂಗೈ ಅಗಲದ ಎಂಟು ಲಿವರ್ ಬೀಗ ತಂದಿದ್ದಾರೆ. ಅದೊಂದಿದ್ದರೆ ಸಾಕು ಅನ್ನುತ್ತಾರೆ. ಅಣ್ಣನ ಮಗ ನಾಲ್ಕು ಕ್ಯಾಮೆರಾ ಹಾಕಿಸಿ ಅನ್ನುತ್ತಾನೆ. ಓರಗಿತ್ತಿ ಪ್ರಕಾರ ಬೆಳ್ಳಿಯನ್ನು ಅಕ್ಕಿ ಡ್ರಮ್ಮಿನ ತಳದಲ್ಲಿಟ್ಟರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲವಂತೆ. ಯಾರ ಮಾತು ಕೇಳಲಿ? ಅನುಭವ ಇದ್ದವರು ಹೇಳಿ.

ವೈಫೈ ಹುಡುಗ

ಆಂಟಿ, ನಿಮ್ಮ ಅಣ್ಣನ ಮಗ ಹೇಳಿದ್ದು ಸರಿ, ಆದರೆ ನಾಲ್ಕು ಬೇಡ. ಗೇಟಿಗೊಂದು, ಹಿತ್ತಲಿಗೊಂದು ಸಾಕು. ಮೊಬೈಲ್‌ಗೆ ಅಲರ್ಟ್ ಬರುವಂಥದ್ದು ತೆಗೆದುಕೊಳ್ಳಿ. ಡಬ್ಬದ ಜೊತೆ ಬಂದ ಪಾಸ್‌ವರ್ಡ್ ಹಾಗೇ ಬಿಡಬೇಡಿ, ಬದಲಾಯಿಸಿ. ರೌಟರ್‌ಗೆ ಚಿಕ್ಕ ಯುಪಿಎಸ್ ಕೊಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಕ್ಯಾಮೆರಾನೂ ಕುರುಡು. ಇಂಟರ್‌ನೆಟ್ ಬಿಲ್ ಐದು ತಿಂಗಳದ್ದು ಮುಂಗಡ ಕಟ್ಟಿಬಿಡಿ.

ಹಳೇ ರೈಟರ್

ಮೇಡಂ, ನಾನು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಕಳ್ಳನನ್ನು ಅಟ್ಟಿಸಿಕೊಂಡು ಹೋದ ಕಥೆ ನನ್ನ ಹತ್ತಿರ ಇಲ್ಲ. ಕಳ್ಳ ಹೋದ ಮೇಲೆ ಹೋಗಿ, ಚೆಲ್ಲಾಪಿಲ್ಲಿಯಾದ ಬಟ್ಟೆ ಮಧ್ಯೆ ಜಾಗ ಮಾಡಿಕೊಂಡು ಮಹಜರು ಬರೆದವನು. ಹಾಗಾಗಿ ಬೀಗದಿಂದಲೇ ಶುರು ಮಾಡುತ್ತೇನೆ.

ಒಳ್ಳೆಯ ಬೀಗ ಒಡೆದಿದ್ದನ್ನು ನಾನು ನೋಡಿದ್ದು ಕಡಿಮೆ. ಬೀಗ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಚಿಲಕದ ಸಮೇತ ಒಂದು ಕಡೆ ನೇತಾಡುತ್ತಿರುತ್ತದೆ. ಚಿಲಕ ಕೂರಿಸಿದ ಜಾಗದಲ್ಲಿ ನಾಲ್ಕು ತೂತು, ಸುತ್ತ ಸೀಳಿದ ಮರ, ಕೆಳಗೆ ಬಿದ್ದ ಅರ್ಧ ಇಂಚಿನ ಸ್ಕ್ರೂ. ಅಷ್ಟೇ. ಒಂದು ಕಬ್ಬಿಣದ ರಾಡು ತೂರಿಸಿ ಮೀಟಿದರೆ ಮುಗಿಯಿತು, ಜಾಸ್ತಿ ಸದ್ದೂ ಆಗುವುದಿಲ್ಲ. ನಿಮ್ಮ ಯಜಮಾನರ ಎಂಟು ಲಿವರ್ ಬೀಗದ ತಾಕತ್ತು ಆ ಸ್ಕ್ರೂ ಇರುವಷ್ಟೇ. ಬಡಗಿಯನ್ನು ಕರೆಸಿ, ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟ್ ಹಾಯಿಸಿ ಒಳಗಡೆ ನಟ್ಟು ಬಿಗಿಸಲು ಹೇಳಿ. ಬಾಗಿಲವಾಡದ ಕಡೆಯ ಕೊಂಡಿಗೂ ಉದ್ದನೆಯ ಸ್ಕ್ರೂ ಹಾಕಿಸಿ.

ಇನ್ನೊಂದು ವಿಷಯ. ಹೊರಗೆ ನೇತಾಡುವ ದೊಡ್ಡ ಬೀಗವೇ ‘ಮನೇಲಿ ಯಾರೂ ಇಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ. ಮುಂಬಾಗಿಲಿಗೆ ಬಾಗಿಲೊಳಗೇ ಕೂರುವ ಲಾಕ್ ಹಾಕಿಸಿ, ಬೀಗ ಹಾಕಿದೆಯೋ ಇಲ್ಲವೋ ರಸ್ತೆಯಿಂದ ಗೊತ್ತಾಗಬಾರದು. ಗೇಟಿನ ಬೀಗವೂ ಒಳಮುಖವಾಗಿ ಇರಲಿ.

ಆದರೆ ನಿಮ್ಮ ಮನೆಯಲ್ಲಿ ಮುಂಬಾಗಿಲಿಗೆ ಯಾರೂ ಬರಲಾರರು ಎಂದು ನನ್ನ ಲೆಕ್ಕ. ತೇಗದ ಬಾಗಿಲಿಗೆ ಸಾವಿರಾರು ಖರ್ಚು ಮಾಡಿ, ಹಿತ್ತಲಿಗೆ ತೆಳ್ಳನೆಯ ಪ್ಲೈವುಡ್ ಬಾಗಿಲು ಇಟ್ಟು ಬೆರಳು ಗಾತ್ರದ ಬೋಲ್ಟ್ ಹಾಕುವುದು ನಮ್ಮ ಜನರ ಅಭ್ಯಾಸ. ಹಿತ್ತಲ ಬಾಗಿಲು, ತಾರಸಿ ಮೆಟ್ಟಿಲ ಬಾಗಿಲು, ಬಚ್ಚಲಮನೆ ಗಾಜಿನ ಪಟ್ಟಿಯ ಕಿಟಕಿ, ಈ ಮೂರನ್ನು ಮೊದಲು ನೋಡಿ. ಹಿತ್ತಲ ಬಾಗಿಲಿಗೆ ಒಳಗಡೆಯಿಂದ ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಕಿಸಿ, ಹಿಂದಿನವರು ಅಗುಳಿ ಹಾಕುತ್ತಿದ್ದರಲ್ಲ, ಅದೇ. ಕಾಯಿ ಸುಲಿಯುವ ಹಾರೆ, ಪಿಕಾಸಿ, ಏಣಿ ಹಿತ್ತಲಲ್ಲಿ ಇದ್ದರೆ ಒಳಗಿಟ್ಟು ಹೋಗಿ. ಮನೆಯವರದ್ದೇ ಹಾರೆಯಿಂದ ಮನೆ ಒಡೆದಿದ್ದನ್ನು ಮಹಜರಿನಲ್ಲಿ ಬರೆದಿದ್ದೇನೆ. ಪಾರ್ಥೇನಿಯಂ ತೆಗೆಸಲು ಪಾಲಿಕೆಗೆ ಈಗಲೇ ಅರ್ಜಿ ಕೊಡಿ. ಹೊರಡುವ ಹೊತ್ತಿಗೂ ಆಗದಿದ್ದರೆ ಕೂಲಿ ಕೊಟ್ಟು ನಿಮ್ಮ ಗೋಡೆಯ ಪಕ್ಕದ್ದನ್ನಾದರೂ ಕೊಯ್ಯಿಸಿ.

ಈಗ ಅಕ್ಕಿ ಡ್ರಮ್. ನಿಮ್ಮ ಓರಗಿತ್ತಿ ಬೇಜಾರು ಮಾಡಿಕೊಳ್ಳಬಾರದು. ಅಕ್ಕಿ ಡ್ರಮ್, ದೇವರ ಫೋಟೋ ಹಿಂದೆ, ಹಾಸಿಗೆ ಕೆಳಗೆ, ಅಟ್ಟದ ಮೇಲಿನ ಹಳೇ ಟ್ರಂಕ್, ಸೀರೆ ಮಡಿಕೆ, ಫ್ರಿಜ್ಜಿನ ತರಕಾರಿ ಡಬ್ಬ, ಇವೆಲ್ಲ ಕಳ್ಳನಿಗೆ ಬಾಯಿಪಾಠ. ಅಕ್ಕಿ ಚೆಲ್ಲಿ ನೋಡಲು ಎಷ್ಟು ಹೊತ್ತು ಬೇಕು ಹೇಳಿ? ಐದು ತಿಂಗಳು ಖಾಲಿ ಇರುವ ಮನೆಯಲ್ಲಿ ಅವನಿಗೆ ಗಡಿಬಿಡಿಯೂ ಇರುವುದಿಲ್ಲ. ಬೆಳ್ಳಿಯನ್ನು ಮನೆಯಲ್ಲಿ ಬಚ್ಚಿಡುವ ಯೋಚನೆಯನ್ನೇ ಬಿಡಿ. ದೊಡ್ಡ ಲಾಕರ್ ಸಿಗದಿದ್ದರೆ ನಂಬಿಕಸ್ಥ ನೆಂಟರ ಮನೆಗೆ ಸಾಗಿಸಿ.

ಸಾಗಿಸುವ ಮುಂಚೆ ಒಂದು ಕೆಲಸ ಮಾಡಿ. ನಾನು ಈ ಉತ್ತರ ಬರೆಯಲು ಕೂತಿದ್ದೇ ಇದನ್ನು ಹೇಳುವುದಕ್ಕೆ. ಕಳವಾದ ಮೇಲೆ ದೂರು ಕೊಡಲು ಬಂದವರನ್ನು ‘ಸರ ಹೇಗಿತ್ತಮ್ಮ?’ ಎಂದು ಕೇಳುತ್ತಿದ್ದೆ. ‘ಎರಡೆಳೆ ಸರ, ಸುಮಾರು ಮೂವತ್ತು ಗ್ರಾಂ ಇರಬಹುದು’ ಎನ್ನುತ್ತಿದ್ದರು. ವರ್ಷಗಟ್ಟಲೆ ಕೊರಳಲ್ಲಿದ್ದ ಸರ, ಕೊಂಡಿ ಎಸ್ ಆಕಾರದ್ದೋ ತಿರುಪಿನದ್ದೋ ನೆನಪಿರುವುದಿಲ್ಲ! ಮುಂದೆ ಕಳ್ಳ ಸಿಕ್ಕಿ, ಹತ್ತಾರು ಮನೆಯ ಒಡವೆ ಒಟ್ಟಿಗೆ ವಶಕ್ಕೆ ಬಂದಾಗ, ಒಂದೇ ತರಹದ ಸರಗಳ ರಾಶಿಯಲ್ಲಿ ‘ಇದು ನನ್ನದೇ’ ಎಂದು ತೋರಿಸುವುದು ಹೇಗೆ? ಒಬ್ಬ ಹೆಣ್ಣುಮಗಳು ಮಾತ್ರ ಒಂದೇ ಮಾತಿಗೆ ತೋರಿಸಿದ್ದು ನೆನಪಿದೆ. ಕರಿಮಣಿ ಸರದ ಕೊಂಡಿಯ ಹತ್ತಿರ ಅಕ್ಕಸಾಲಿ ಬೆಸುಗೆ ಹಾಕಿದ ಸಣ್ಣ ಗಂಟು ಇತ್ತು. ಅದರ ಫೋಟೋ ಅವರ ಹತ್ತಿರ ಇತ್ತು. ಕೋರ್ಟಿನಿಂದ ಬಿಡಿಸಿಕೊಳ್ಳಲೂ ಅದೇ ನೆರವಾಯಿತು.

ನೀವೂ ಹಾಗೇ ಮಾಡಿ. ಪ್ರತಿ ಒಡವೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಹಿಂಭಾಗ, ಕೊಂಡಿ, ರಿಪೇರಿ ಆದ ಜಾಗ ಹತ್ತಿರದಿಂದ. ತೂಕ ಬರೆದಿಡಿ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಹಾಲ್‌ಮಾರ್ಕ್ ಚಿನ್ನವನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಅಂದರೆ ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಗುರುತು. ಈಚೆಗೆ ಕೊಂಡ ಒಡವೆಯಲ್ಲಿ ಅದು ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ ಬರೆದುಕೊಳ್ಳಿ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಆ ಒಡವೆಯ ವಿವರ ಬರುತ್ತದೆ. ಹಳೇ ಒಡವೆಗೆ ಫೋಟೋ, ರಸೀದಿಯೇ ಗತಿ. ಬೆಳ್ಳಿಯ ಮೇಲೆ ನಿಮ್ಮ ಅತ್ತೆಯವರ ಹೆಸರು ಕೊರೆಸಿದೆಯಾ ನೋಡಿ. ಆಗಿನವರು ಲೋಟದ ಮೇಲೂ ಹೆಸರು ಹಾಕಿಸದೆ ಬಿಡುತ್ತಿರಲಿಲ್ಲ. ಪೊಲೀಸರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಫೋಟೋ ಎಲ್ಲ ಮಗಳಿಗೆ ಈಮೇಲ್ ಮಾಡಿ. ಮನೆಯ ಕಂಪ್ಯೂಟರ್‌ನಲ್ಲೇ ಇಟ್ಟರೆ ಕಂಪ್ಯೂಟರ್ ಜೊತೆ ಅದೂ ಹೋಗುತ್ತದೆ.

ವೈಫೈ ಹುಡುಗ ಅವರೇ, ನಿಮ್ಮ ಮಾತಿಗೆ ಒಂದು ತಿದ್ದುಪಡಿ. ಕ್ಯಾಮೆರಾ ಕಂಡದ್ದೆಲ್ಲ ರೆಕಾರ್ಡ್ ಆಗುವ ಡಿವಿಆರ್ ಡಬ್ಬವನ್ನು ಟಿವಿ ಕೆಳಗೆ ಇಟ್ಟವರ ಮನೆಯಲ್ಲಿ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಆಮೇಲೆ ಗೋಡೆ ಮೇಲಿನ ಕ್ಯಾಮೆರಾಗಳು ಸುಮ್ನೆ ನಮ್ಮನ್ನು ನೋಡುತ್ತಿರುತ್ತವೆ.

ವೈಫೈ ಹುಡುಗ

ಒಪ್ಪಿದೆ ಸರ್. ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗುವಂಥದ್ದು ಹಾಕಿಸಲಿ.

ಕ್ಯಾಶ್ ಕೌಂಟರ್

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಲಾಕರ್ ಬಗ್ಗೆ ಎರಡು ಮಾತು. ಲಾಕರ್‌ನಲ್ಲಿಟ್ಟ ಮಾತ್ರಕ್ಕೆ ಪೂರ್ತಿ ಬೆಲೆಗೆ ಬ್ಯಾಂಕ್ ಜವಾಬ್ದಾರಿ ಅಂದುಕೊಳ್ಳಬೇಡಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳ್ಳತನ, ಬೆಂಕಿ, ಕಟ್ಟಡ ಕುಸಿತ ಅಥವಾ ನೌಕರರ ಮೋಸ ಆದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ. ಇವತ್ತಿನ ಚಿನ್ನದ ಬೆಲೆಗೆ ಅದು ಯಾವ ಮೂಲೆಗೆ? ಆದರೂ ಮನೆಗಿಂತ ಲಾಕರ್ ಎಷ್ಟೋ ಮೇಲು. ಹೊರಡುವ ಮುಂಚೆ ಹೊಸ ಒಪ್ಪಂದಕ್ಕೆ ಸಹಿ ಆಗಿದೆಯೇ, ನಾಮಿನಿ ಹೆಸರಿದೆಯೇ ನೋಡಿಕೊಳ್ಳಿ. ಲಾಕರ್ ತೆರೆದ ದಿನವೇ ನಿಮಗೆ ಎಸ್ಎಂಎಸ್, ಈಮೇಲ್ ಬರಬೇಕು. ಅಲ್ಲಿ ನಿಮ್ಮ ಸಿಮ್ ನಡೆಯುತ್ತದೋ ಇಲ್ಲವೋ, ಈಮೇಲ್ ಸರಿಯಾಗಿದೆಯೇ ಕೇಳಿ.

ಯಾರಾದರೂ ‘ಮನೆಗೆ ಇನ್ಶೂರೆನ್ಸ್ ಇದೆಯಲ್ಲ’ ಅಂದರೆ ಪಾಲಿಸಿ ತೆರೆದು ಓದಿ. ಈಗ ಹಲವು ಕಂಪನಿಗಳು ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥದ್ದಕ್ಕೆ. ಅದರಲ್ಲಿ ಕಳ್ಳತನಕ್ಕೆ ಹಣ ಸಿಗುವುದು ಅಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿಯೇ ಕಳ್ಳತನ ನಡೆದರೆ ಮಾತ್ರ. ಕನ್ನಗಳ್ಳತನಕ್ಕೆ ಬೇರೆ ಕವರ್ ಬೇಕು. ಮನೆ ಇಂತಿಷ್ಟು ದಿನ ಸತತವಾಗಿ ಖಾಲಿ ಇದ್ದರೆ ಕವರ್ ಇಲ್ಲ ಎಂಬ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ನಿಮ್ಮದು ಐದು ತಿಂಗಳಲ್ವಾ, ಮೊದಲು ಅದನ್ನೇ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಹಳೇ ರೈಟರ್

ಇದಕ್ಕೆ ಒಂದು ಸೇರಿಸುತ್ತೇನೆ. ಎಫ್ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ. ಕಳ್ಳ ಪತ್ತೆಯಾಗದಿದ್ದರೆ ಠಾಣೆಯಿಂದ ‘ಸಿ’ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಎಂಬ ವರದಿ, ಆಗುತ್ತದೆ. ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಕೇಳುವುದು ಆ ಕಾಗದವನ್ನು. ದೇವರು ಅದಕ್ಕೆ ಅವಕಾಶ ಕೊಡದಿರಲಿ.

ರಸಬಾಳೆ, ಮೈಸೂರು

ಎಲ್ಲರಿಗೂ ತುಂಬಾ ಉಪಕಾರ. ರೈಟರ್ ಸಾಹೇಬರೇ, ನೀವು ಹೇಳಿದ ಮೇಲೆ ತಂಬಿಗೆ ತಿರುಗಿಸಿ ನೋಡಿದೆ. ಕಂಠದ ಕೆಳಗೆ ಅತ್ತೆಯ ಹೆಸರು, ಅದರ ಪಕ್ಕ ಅವರ ತವರೂರು, ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ. ದಿನಾ ಪೂಜೆಗೆ ಮುಟ್ಟುವ ತಂಬಿಗೆ, ಗಮನಿಸಿಯೇ ಇರಲಿಲ್ಲ. ತೂಕ ಮಾಡಿ ಫೋಟೋ ತೆಗೆಯುತ್ತಿದ್ದೇನೆ. ಬೆಳ್ಳಿ ಎಲ್ಲ ನಂಜನಗೂಡಿನ ತಮ್ಮನ ಮನೆಗೆ. ಬಡಗಿ ನಾಳೆ ಬರುತ್ತಾನೆ. ಯಜಮಾನರು ಸ್ಕ್ರೂ ಬಿಚ್ಚಿ ಅಳೆದು ನೋಡಿ ಸುಮ್ಮನಾಗಿದ್ದಾರೆ.

ಇನ್ನು ಮೂರು ಅನುಮಾನ. ಬೀಗದ ಕೈ ಯಾರಿಗೆ ಕೊಡಲಿ? ಕೆಲಸದ ಹುಡುಗಿಗೆ ಕೊಡಬೇಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಎರಡನೆಯದು, ಮುಂದಿನ ಲೈಟು ಉರಿಸಿಯೇ ಹೋಗಲಾ? ಮೂರನೆಯದು ಗಾದ್ರೇಜ್ ಬೀರು. ಬೀಗ ಹಾಕಬೇಕಾ ಬೇಡವಾ? ಒಳಗೆ ಸ್ವಲ್ಪ ದುಡ್ಡು ಇಟ್ಟು ಹೋಗಬೇಕು, ಏನೂ ಸಿಗದಿದ್ದರೆ ಕಳ್ಳರು ಸಿಟ್ಟಿಗೆದ್ದು ಮನೆ ಹಾಳು ಮಾಡುತ್ತಾರೆ ಅಂತ ನಮ್ಮ ಓರಗಿತ್ತಿ.

ಹಳೇ ರೈಟರ್

ನಿಮ್ಮ ಓರಗಿತ್ತಿಯವರನ್ನು ಒಮ್ಮೆ ಭೇಟಿ ಮಾಡಬೇಕು ಮೇಡಂ. ಕಳ್ಳನಿಗೆ ದಕ್ಷಿಣೆ ಇಡುವುದೇನೂ ಬೇಡ. ಆದರೆ ಬೀರುವಿನಲ್ಲಿ ಏನೂ ಇಲ್ಲದಿದ್ದರೆ ಬೀಗ ಹಾಕಬೇಡಿ. ಬೀಗ ಹಾಕಿದ ಖಾಲಿ ಬೀರುವನ್ನು ಮೀಟಿ ಬಾಗಿಲು ಸೊಟ್ಟ ಮಾಡಿದರೆ ಅದು ಮತ್ತೆ ಸರಿಯಾಗಿ ಕೂರುವುದಿಲ್ಲ. ಸೀರೆಗಳೂ ತಮ್ಮನ ಮನೆಗೇ ಹೋಗಲಿ.

ಲೈಟು ಹಗಲೂ ರಾತ್ರಿ ಉರಿಯುತ್ತಿದ್ದರೆ ಬೀಗಕ್ಕಿಂತ ಜೋರಾಗಿ ಸಾರುತ್ತದೆ. ಕತ್ತಲಾದಾಗ ತಾನೇ ಹೊತ್ತಿ ಬೆಳಕಾದಾಗ ಆರುವ ಸೆನ್ಸರ್ ಬಲ್ಬ್ ಹಾಕಿಸಿ.

ಬೀಗದ ಕೈ ವಿಷಯ. ಪ್ರತಿ ಕಳ್ಳತನದಲ್ಲೂ ಮನೆಯವರು ಮೊದಲು ಬೆರಳು ತೋರಿಸುವುದು ಕೆಲಸದವರ ಕಡೆಗೆ. ಎಷ್ಟೋ ಸಲ ಆ ಬಡವರು ಸುಮ್ಮನೆ ಠಾಣೆ ಮೆಟ್ಟಿಲು ಹತ್ತಿ ಇಳಿದಿದ್ದನ್ನು ನೋಡಿ ಬೇಸರವಾಗಿದೆ. ಒಳಗಿನ ಕೈ ಮೇಷ್ಟ್ರಿಗೆ ಕೊಡಿ. ಗೇಟಿನ ಕೈ ಮಾತ್ರ ಆ ಹುಡುಗಿಗೆ ಕೊಟ್ಟು, ದಿನಾ ಅಂಗಳ ಗುಡಿಸಿ ನೀರು ಹಾಕಿ ರಂಗೋಲಿ ಬಿಡಲು ಹೇಳಿ, ತಿಂಗಳ ಸಂಬಳ ನಿಲ್ಲಿಸಬೇಡಿ. ಹಗಲು ಹೊತ್ತು ಬೀದಿ ನೋಡಿಕೊಂಡು ಹೋಗುವವನು ಮೊದಲು ಗಮನಿಸುವುದು ಯಾವ ಬಾಗಿಲ ಮುಂದೆ ರಂಗೋಲಿ ಇಲ್ಲ, ಯಾವ ಗೇಟಿಗೆ ಕರೆಂಟ್ ಬಿಲ್ ಸಿಕ್ಕಿಸಿದ್ದು ಹಾಗೇ ಇದೆ ಅಂತ. ಐದು ಕ್ಯಾಮೆರಾ ಮಾಡುವ ಕೆಲಸವನ್ನು ಆ ಒಂದು ರಂಗೋಲಿ ಮಾಡುತ್ತದೆ. ತುಳಸಿಗೂ ನೀರು ಬಿದ್ದ ಹಾಗಾಯಿತು. ಪೇಪರ್, ಹಾಲು ನಿಲ್ಲಿಸಿ. ಏರ್‌ಪೋರ್ಟ್‌ನಿಂದ ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವ ಆಸೆಯನ್ನು ವಾಪಸ್ ಬರುವವರೆಗೆ ತಡೆದುಕೊಳ್ಳಿ.

ಹೊರಡುವ ವಾರ ನಿಮ್ಮ ಠಾಣೆಗೆ ಹೋಗಿ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಮನೆಗೆ ಬೀಗ ಎಂದು ವಿಳಾಸ, ಮೇಷ್ಟ್ರ ಫೋನ್ ನಂಬರ್ ಸಮೇತ ಪತ್ರ ಕೊಡಿ. ಬೀಟ್‌ನವರು ರಾತ್ರಿ ಆ ಕಡೆ ಒಂದು ಕಣ್ಣು ಹಾಕುತ್ತಾರೆ. ಬೀಟ್ ಪೊಲೀಸರ ನಂಬರ್ ಕೇಳಿ ಮೇಷ್ಟ್ರಿಗೂ ಕೊಡಿ.

ಮೇಷ್ಟ್ರಿಗೆ ಒಂದು ಮಾತು ಖಂಡಿತ ಹೇಳಿ ಹೋಗಿ. ಬಾಗಿಲು ಒಡೆದಿದ್ದು ಕಂಡರೆ ಒಳಗೆ ಕಾಲಿಡುವುದು ಬೇಡ. ಕಳ್ಳ ಇನ್ನೂ ಒಳಗೇ ಇರಬಹುದು, ಇಲ್ಲದಿದ್ದರೂ ಬೆರಳಚ್ಚು ಅಳಿಸಿಹೋಗುತ್ತದೆ. ಗೇಟಿನ ಹೊರಗೇ ನಿಂತು 112ಕ್ಕೆ ಫೋನ್ ಮಾಡಲಿ, ಆಮೇಲೆ ನಿಮಗೆ. ಅಮೆರಿಕದಲ್ಲಿ ಆಗ ನಡುರಾತ್ರಿ ಆಗಿದ್ದರೂ ಸರಿ.