ಮನೆಯಲ್ಲೇ ಕಲಿಯುವ ಮಗಳಿಗೆ ಯಾವ ಕನ್ನಡ ಪುಸ್ತಕ?

ಮೈಸೂರಮ್ಮ: ಮಗಳಿಗೆ 8 ವರ್ಷ, ಮನೆಯಲ್ಲೇ ಕಲಿಸುತ್ತಿದ್ದೇವೆ. ಅಂಗಡಿಗೆ ಹೋದರೆ ತೆನಾಲಿ ರಾಮ, ಪಂಚತಂತ್ರ, ಕೊನೆಯಲ್ಲಿ ಅದೇ ನೀತಿ. ಬೇರೆ ಥರದ್ದು ಏನಿದೆ? ಬಜೆಟ್ ಜಾಸ್ತಿ ಇಲ್ಲ.

ಓದುಗುಳಿ: ದುಡ್ಡು ಹಾಕುವ ಮೊದಲು ಪ್ರಥಮ್ ಬುಕ್ಸ್‌ ಪ್ರಕಾಶನದವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ ಮೇಡಂ. ಕನ್ನಡ ಕತೆಗಳು ಉಚಿತ, ಡೌನ್‌ಲೋಡ್ ಮಾಡಿ ಪ್ರಿಂಟ್ ಕೂಡ ತೆಗೆಯಬಹುದು. 1ರಿಂದ 4ರವರೆಗೆ ಹಂತಗಳಿವೆ, ವಯಸ್ಸು ನೋಡಬೇಡಿ, ಮಗು ಎಷ್ಟು ಸಲೀಸಾಗಿ ಓದುತ್ತದೆ ಅನ್ನೋದನ್ನು ನೋಡಿ ಆರಿಸಿ. ಆದರೆ ಅಲ್ಲಿ ಯಾರು ಬೇಕಾದರೂ ಅನುವಾದ ಮಾಡಿ ಹಾಕಬಹುದು, ಹಾಗಾಗಿ ಕೆಲವು ಕತೆಗಳ ಕನ್ನಡ ಬಾಯಿಗೆ ಹೊರಳುವುದೇ ಇಲ್ಲ. ನೀವೇ ಮೊದಲು ಒಂದು ಪುಟ ಜೋರಾಗಿ ಓದಿ ನೋಡಿ.

ಹಳೇಮೇಷ್ಟ್ರು: ಬರೀ ಕತೆ ಸಾಲದಮ್ಮ. ನವಕರ್ನಾಟಕ ಪ್ರಕಾಶನದವರ ವಿಜ್ಞಾನ ಪುಸ್ತಕಗಳಿವೆ. ತೇಜಸ್ವಿಯವರ ‘ಪರಿಸರದ ಕತೆ’ ದೊಡ್ಡವರದ್ದು ಅಂತ ಬಿಡಬೇಡಿ, ಕಿವಿ ಅನ್ನೋ ನಾಯಿ ಬರುವ ಭಾಗ ನೀವು ಓದಿ ಹೇಳಿ, ಬಿದ್ದು ಬಿದ್ದು ನಗುತ್ತಾಳೆ.

ತುಂಟಿಅಮ್ಮ: ನೀತಿಕತೆ ಪೂರ್ತಿ ಬಿಡಬೇಕಾ? ನನ್ನ ಮಗ ಪಂಚತಂತ್ರದ ನರಿಯ ಪಕ್ಷ! ಕೊನೆಯ ಸಾಲು ಓದದೆ ‘ನಿನಗೇನನ್ನಿಸಿತು’ ಅಂತ ಕೇಳಿ ಅಕ್ಕ.

ಮೈಸೂರಮ್ಮ: ಥ್ಯಾಂಕ್ಸ್. ಸರ್, ಹಕ್ಕಿಗಳ ಬಗ್ಗೆ ಚಿತ್ರ ಜಾಸ್ತಿ ಇರೋದು ಯಾವುದಾದ್ರೂ ಇದ್ರೆ ಹೇಳಿ.