ಅಪ್ಪನ ಹಳೇ ಎಂಎಂ540 ಜೀಪಿಗೆ ಯಾವ ಹೆಡ್‌ಲೈಟ್ ಹಾಕ್ಸೋದು? ಮಂಜು, ಘಾಟಿ, ಆನೆ ಮೂರೂ ಇರೋ ರೋಡು

ಕಾಫಿತೋಟ_540:

ಎಲ್ರಿಗೂ ನಮಸ್ಕಾರ. ನಮ್ದು ಮೂಡಿಗೆರೆ ತಾಲೂಕು, ಬಣಕಲ್ ಕಡೆ. ಮನೇಲಿ ಅಪ್ಪ ತಗೊಂಡಿದ್ದ 1994ರ ಎಂಎಂ540 ಇದೆ, ಪೂಜೋ ಎಂಜಿನ್‌ದು, ಫೋರ್ ವೀಲ್ ಇವತ್ತಿಗೂ ಹಾಕಿದ ತಕ್ಷಣ ಹಿಡಿಯುತ್ತೆ, ಬಾಡಿ ಎರಡು ಸಲ ಪೇಂಟ್ ಆಗಿದೆ. ತೋಟದ ಕೆಲ್ಸ ಪೂರ್ತಿ ಅದ್ರಲ್ಲೇ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ತಿಂಗ್ಳಿಗೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳ್ದು ಉಜಿರೆ ಕಡೆ ಹೋಗ್ತೀವಿ, ವಾಪಸ್ ಬರೋವಾಗ ಕತ್ತಲೆ ಆಗೇ ಆಗುತ್ತೆ.

ಹೋದ ತಿಂಗ್ಳು ರಾತ್ರಿ ಎಂಟು ಗಂಟೆ ಸುಮಾರಿಗೆ ತೋಟದ ರೋಡಲ್ಲಿ ಬರ್ತಾ ಇದ್ದೆ, ಸಣ್ಣ ಮಳೆ, ತಿರುವು ದಾಟಿದ್ದೇ ಎದುರಿಗೆ ಆನೆ. ಅದು ಆನೆ ಅಂತ ಗೊತ್ತಾಗಿದ್ದು ಹದಿನೈದು ಇಪ್ಪತ್ತು ಅಡಿಗೆ ಬಂದ್ಮೇಲೆ. ಆನೆ ಕಪ್ಪು, ಒದ್ದೆ ಟಾರು ಕಪ್ಪು, ನಂಗೆ ಮೊದ್ಲು ಕಂಡಿದ್ದು ಅದರ ಬೆನ್ನಿಗೆ ಮೆತ್ಕೊಂಡಿದ್ದ ಕೆಂಪು ಮಣ್ಣು ಮಾತ್ರ. ರಿವರ್ಸ್ ಹಾಕ್ಕೊಂಡು ಬಂದೆ, ಅದು ಪಾಪ ಏನೂ ಮಾಡ್ಲಿಲ್ಲ. ಆದ್ರೆ ಆವತ್ತಿಂದ ಅಮ್ಮ ರಾತ್ರಿ ಜೀಪ್ ತೆಗಿಯೋಕೆ ಬಿಡ್ತಾ ಇಲ್ಲ.

ಮಾರನೇ ವಾರ ಪೇಟೇಲಿ ಒಂದು ಅಂಗ್ಡಿಗೆ ಹೋದೆ, ಅವ್ರು ಹಳೇ ಬಲ್ಬ್ ಕಿತ್ತು ಎಲ್‌ಇಡಿ ಬಲ್ಬ್ ಹಾಕಿ ಕೊಟ್ರು. ಅಂಗ್ಡಿ ಗೋಡೆ ಮೇಲೆ ಬಿಟ್ರೆ ಹಗಲಿನ ಥರ ಇತ್ತು, ಖುಷಿಯಾಗಿ ಬಂದೆ. ರೋಡಲ್ಲಿ ನೋಡಿದ್ರೆ ಬಾನೆಟ್ ಮುಂದೆ ಬೆಳ್ಳಗೆ ಹರಡ್ಕೊಂಡಿದೆ, ದೂರ ಏನೂ ಹೋಗಲ್ಲ, ಎದುರಿಂದ ಬರೋ ಪ್ರತಿಯೊಬ್ರೂ ಡಿಪ್ ಹೊಡೀತಾರೆ, ನಾನು ಡಿಪ್ಪಲ್ಲೇ ಇದ್ರೂನು. ಕೊಟ್ಟಿಗೆಹಾರ ದಾಟಿ ಮಂಜು ಶುರುವಾದ್ರೆ ಮುಂದೆ ಬಿಳೀ ಪಂಚೆ ಕಟ್ಟಿದ ಹಾಗೆ. ಈಗ ಒಬ್ರು 100/90 ವಾಟಿನ ಬಲ್ಬ್ ಹಾಕ್ಸು ಅಂತಾರೆ, ಇನ್ನೊಬ್ರು ಪೂರ್ತಿ 7 ಇಂಚಿನ ಎಲ್‌ಇಡಿ ಸೆಟ್ ಅಂತಾರೆ, ಭಾವ ಮೇಲ್ಗಡೆ ಬಾರ್ ಲೈಟ್ ಹಾಕ್ಸು ಅಂತಿದಾನೆ. ಇನ್ನೊಂದ್ಸಲ ದುಡ್ಡು ಹಾಳು ಮಾಡೋಕೆ ಇಷ್ಟ ಇಲ್ಲ. ಮಾಡ್ಸಿರೋರು ಹೇಳಿ.

ವೈರಿಂಗ್_ಹಾಸನ:

ಏನೂ ತಗೋಬೇಡಿ ಸರ್, ಮೊದ್ಲು ಒಂದು ಮೀಟರ್ ತಗೊಂಡು ವೋಲ್ಟೇಜ್ ನೋಡಿ. ನಾನು ಆಟೋ ಎಲೆಕ್ಟ್ರಿಕ್ ಕೆಲ್ಸ ಮಾಡೋದು, ನನ್ನ ಹತ್ರ ಬರೋ ಹಳೇ ಜೀಪಲ್ಲಿ ಹತ್ತರಲ್ಲಿ ಎಂಟಕ್ಕೆ ಬಲ್ಬಿನ ತೊಂದ್ರೆನೇ ಇರಲ್ಲ, ಬಲ್ಬಿಗೆ ಕರೆಂಟೇ ಸರಿಯಾಗಿ ಹೋಗ್ತಿರಲ್ಲ.

ಹಳೇ ಹ್ಯಾಲೋಜನ್ ಬಲ್ಬ್ ಇಟ್ಕೊಂಡಿದ್ರೆ ವಾಪಸ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಅಳೀರಿ, ಆಮೇಲೆ ಲೈಟ್ ಆನ್ ಇರೋವಾಗ್ಲೇ ಬಲ್ಬಿನ ಹಿಂದಿನ ಕಪ್ಲರಲ್ಲಿ, ಅಂದ್ರೆ ವೈರ್ ಬಂದು ಸಿಕ್ಕಿಸೋ ಜಾಗದಲ್ಲಿ ಅಳೀರಿ. ಕಪ್ಲರ್ ಕಿತ್ತಿಟ್ಟು ಅಳೆದ್ರೆ ಪೂರ್ತಿ ವೋಲ್ಟೇಜ್ ತೋರ್ಸುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ, ಲೋಡ್ ಇರೋವಾಗ ನೋಡಿದ್ರೇನೇ ಸತ್ಯ ಹೊರಗೆ ಬರೋದು. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ರೆ ಪರ್ವಾಗಿಲ್ಲ, ಅದಕ್ಕಿಂತ ಜಾಸ್ತಿ ಇದ್ರೆ ಅಲ್ಲೇ ನಿಮ್ ಬೆಳಕು ಸೋರಿ ಹೋಗ್ತಿರೋದು. ಹ್ಯಾಲೋಜನ್‌ಗೆ ವೋಲ್ಟೇಜ್ ಶೇಕಡಾ 10 ಕಮ್ಮಿ ಆದ್ರೆ ಬೆಳಕು 10 ಅಲ್ಲ, ಹತ್ತಿರ ಹತ್ತಿರ 30 ಕಮ್ಮಿ ಆಗುತ್ತೆ. ಹಂಗೆ 20 ಕಮ್ಮಿ ಆಯ್ತು ಅಂದ್ರೆ ಅರ್ಧ ಬೆಳಕೇ ಹೋಯ್ತು, ಕೆಂಪಗೆ ದೀಪದ ಬತ್ತಿ ಥರ ಉರಿಯುತ್ತೆ.

ಯಾಕೆ ಹಿಂಗಾಗುತ್ತೆ ಅಂದ್ರೆ, ಕಂಪ್ನಿಯಿಂದ ಬಂದಿರೋ ವೈರಿಂಗಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್ ಸ್ವಿಚ್, ಅಲ್ಲಿಂದ ಡಿಪ್ಪರ್ ಸ್ವಿಚ್, ಅಲ್ಲಿಂದ ಮತ್ತೆ ಮುಂದಕ್ಕೆ, ಇಷ್ಟು ಸುತ್ತು ಹಾಕ್ಕೊಂಡು ಬರ್ಬೇಕು. ಮೂವತ್ತು ವರ್ಷದ ಸಣ್ಣ ವೈರು, ಒಳಗಡೆ ತಾಮ್ರ ಹಸಿರಾಗಿರುತ್ತೆ, ಸ್ವಿಚ್ ಪಾಯಿಂಟ್ ಸುಟ್ಟಿರುತ್ತೆ. ಇಂಥ ವೈರಿಂಗಿಗೆ 100/90 ಹಾಕಿದ್ರೆ ಎರಡು ಬಲ್ಬಿಗೆ 16 ಆಂಪಿಯರ್ ಹತ್ರ ಎಳೆಯುತ್ತೆ, ಮೊದ್ಲು ಕಪ್ಲರ್ ಕರಗುತ್ತೆ, ಆಮೇಲೆ ಸ್ವಿಚ್. ರೋಡಿಗೆ ಅದಕ್ಕೆ ಒಪ್ಪಿಗೇನೂ ಇಲ್ಲ, ಹೆಚ್4 ಅನ್ನೋ ಈ ಥರದ ಹೆಡ್‌ಲೈಟ್ ಬಲ್ಬ್ ಅಂದ್ರೆ 60/55, ಬ್ರೈಟಿಗೆ 60 ಡಿಪ್ಪಿಗೆ 55 ವಾಟ್ ಅಷ್ಟೇ.

ಮಾಡ್ಬೇಕಾಗಿದ್ದು ರಿಲೇ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು. ಡಿಪ್ಪಿಗೊಂದು ಬ್ರೈಟಿಗೊಂದು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾಕಿ ರಿಲೇ ಮೇಲೆ 30 ಅಂತ ನಂಬರ್ ಇರೋ ಪಿನ್ನಿಗೆ, 87ನೇ ಪಿನ್ನಿಂದ ಬಲ್ಬಿಗೆ, ವೈರ್ 2.5 ಸ್ಕ್ವೇರ್ ಎಂಎಂಗಿಂತ ಕಮ್ಮಿ ಬೇಡ. ಹಳೇ ಹೆಡ್‌ಲೈಟ್ ಕಪ್ಲರಿಂದ ಬರೋ ಕರೆಂಟ್ 86ಕ್ಕೆ, 85 ಅರ್ಥ್. ಆಗ ನಿಮ್ಮ ಹಳೇ ಸ್ವಿಚ್ಚಿಗೆ ರಿಲೇ ಎಳೆಯೋ ಕೆಲ್ಸ ಬಿಟ್ರೆ ಬೇರೆ ಭಾರ ಇರಲ್ಲ. ಹೋಲ್ಡರ್ ಸೆರಾಮಿಕ್‌ದು ಹಾಕಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ಮತ್ತೆ ದಯವಿಟ್ಟು ರಿಲೇಯಿಂದ ಮುಂದೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಕೊಡಿ. ಒಂದೇ ಫ್ಯೂಸಲ್ಲಿ ಎರಡೂ ಇದ್ದು ಘಾಟಿ ತಿರುವಲ್ಲಿ ಅದು ಹಾರಿದ್ರೆ ಗಾಡಿ ಪೂರ್ತಿ ಕುರುಡು.

ಇನ್ನೊಂದು, ನಿಮ್ಮ ಹಳೇ ಬಲ್ಬಿನ ತಳ ನೋಡಿ. ಕೆಲವು ಹಳೇ ಜೀಪಲ್ಲಿ ಪಿ45ಟಿ ಅನ್ನೋ ಬೇರೆ ತಳದ 45/40 ವಾಟಿನ ಬಲ್ಬ್ ಇರುತ್ತೆ, ಹೆಚ್4 ಅದಕ್ಕೆ ಕೂರಲ್ಲ, ಅಂಗ್ಡಿಯವ್ರು ಒತ್ತಿ ತುರುಕಿ ಕೂರ್ಸಿದ್ರೆ ಬೆಳಕು ಎಲ್ಲೆಲ್ಲಿಗೋ ಹೋಗುತ್ತೆ. ಹಂಗಿದ್ರೆ ಹೆಚ್4 ಕೂರೋ 7 ಇಂಚಿನ ಗಾಜಿನ ಹೆಡ್‌ಲೈಟೇ ಹೊಸದಾಗಿ ತಗೊಳ್ಳಿ.

ಘಾಟಿ_ಡ್ರೈವರ್:

ನಾನು ಬೆಳ್ತಂಗಡಿಯವ, ಟೆಂಪೋ ಓಡಿಸುದು, ವಾರಕ್ಕೆ ನಾಲ್ಕು ಸಲ ಚಾರ್ಮಾಡಿ ಹತ್ತಿ ಇಳೀತೇನೆ. ಎದುರಿನವರ ಕಡೆಯಿಂದ ಒಂದು ಮಾತು ಹೇಳ್ತೇನೆ ಮಾರಾಯ್ರೆ, ಬೇಜಾರ್ ಮಾಡ್ಬೇಡಿ. ಆ ಎಲ್‌ಇಡಿ ಬಲ್ಬನ್ನು ಇವತ್ತೇ ತೆಗೀರಿ. ಹೆಚ್ಚಿನವರಿಗೆ ಗೊತ್ತಿಲ್ಲ, ಹೆಚ್4 ಬಲ್ಬಿನ ಒಳಗೆ ಡಿಪ್ ತಂತಿಯ ಕೆಳಗೆ ಒಂದು ಸಣ್ಣ ತಗಡಿನ ಬಟ್ಟಲು ಉಂಟು, ಬೆಳಕು ಮೇಲೆ ಹೋಗದ ಹಾಗೆ ತಡೆಯುದು ಅದೇ. ಹಳೆ ರಿಫ್ಲೆಕ್ಟರ್ ಆ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು, ಎಲ್‌ಇಡಿಯಲ್ಲಿ ಚಿಪ್ ಇರುವ ಜಾಗ, ಅದರ ಅಗಲ ಎಲ್ಲ ಬೇರೆ, ಹಾಗಾಗಿ ಬೆಳಕು ಚೆಲ್ಲಾಪಿಲ್ಲಿ ಆಗಿ ಸೀದಾ ನಮ್ಮ ಕಣ್ಣಿಗೇ ಬರ್ತದೆ.

ಮಳೆಗಾಲದಲ್ಲಿ ಒಂದು ದಿನ ಇಂಥದ್ದೇ ಬೆಳಕಿನ ಜೀಪು ಎದುರು ಬಂತು, ನನ್ನ ಎಡಕ್ಕೆ ತಡೆಗೋಡೆ, ಅದರ ಆಚೆ ಪ್ರಪಾತ. ಎರಡು ಸೆಕೆಂಡ್ ನನಗೆ ರೋಡೇ ಕಾಣ್ಲಿಲ್ಲ. ಗಾಡಿಯಲ್ಲಿ ಹನ್ನೆರಡು ಜನ, ಅದರಲ್ಲಿ ಎರಡು ಸಣ್ಣ ಮಕ್ಕಳು. ಅಂದಾಜಲ್ಲಿ ಬ್ರೇಕ್ ಹಿಡಿದು ನಿಲ್ಸಿದೆ. ಈಗಲೂ ಆ ತಿರುವು ಬಂದ್ರೆ ನನ್ನ ಕೈ ಬೆವರ್ತದೆ. ಹಾಕಿಸಿದವರು ಬೇಕೂಂತ ಮಾಡಿದ್ದಲ್ಲ, ನನಗೆ ಗೊತ್ತುಂಟು, ಆದ್ರೂ ಹೇಳ್ಬೇಕಲ್ಲ.

ಮಂಜಿಗೆ ಬ್ರೈಟ್ ಹಾಕ್ಲೇಬೇಡಿ, ಡಿಪ್ ಮಾತ್ರ. ಮೇಲ್ಗಡೆ ಬಾರ್ ಲೈಟಂತೂ ಬೇಡವೇ ಬೇಡ, ಅದು ನಿಮ್ಮ ಕಣ್ಣಿಗಿಂತ ಮೇಲಿರ್ತದೆ, ಮಂಜಿಗೆ ಬಡಿದು, ಬಾನೆಟಿಗೆ ಬಡಿದು ನಿಮಗೇ ವಾಪಸ್ ಬರ್ತದೆ. ಬಂಪರ್ ಮಟ್ಟದಲ್ಲಿ ಕೆಳಗೆ ಎರಡು ಹಳದಿ ಫಾಗ್ ಲ್ಯಾಂಪ್ ಹಾಕಿ ನೋಡಿ, ಮಂಜಿನ ಅಡಿಯಿಂದ ಬೆಳಕು ಹೋಗಿ ರೋಡಿನ ಬಿಳಿ ಗೆರೆ ಕಾಣ್ತದೆ, ಘಾಟಿಯಲ್ಲಿ ನಮಗೆ ಬೇಕಾದ್ದು ಆ ಗೆರೆ.

ಕಾಫಿತೋಟ_540:

ಅಣ್ಣ, ಇದನ್ನ ಓದಿದ್ಮೇಲೆ ನಿಜವಾಗ್ಲೂ ಮನಸ್ಸಿಗೆ ಕಸಿವಿಸಿ ಆಯ್ತು, ಕ್ಷಮೆ ಇರ್ಲಿ. ಬೆಳಿಗ್ಗೆ ಎದ್ದವ್ನೇ ಎಲ್‌ಇಡಿ ಕಿತ್ತು ಹಳೇ ಬಲ್ಬ್ ಹಾಕ್ದೆ, ಹೆಚ್4 ತಳಾನೇ ಇದೆ.

ಹಾಸನದ ಸರ್ ಹೇಳ್ದಂಗೆ ಅಳೆದೆ. ಬ್ಯಾಟರಿ ಮೇಲೆ 13.9, ಎಡಗಡೆ ಬಲ್ಬ್ ಹಿಂದೆ 11.2, ಬಲಗಡೆ 11.4. ನಂಬೋಕೇ ಆಗ್ಲಿಲ್ಲ, ಎರಡು ಸಲ ನೋಡ್ದೆ. ಎಡಗಡೆ ರಿಂಗ್ ಬಿಚ್ಚೋಕೆ ಸ್ಕ್ರೂ ತುಕ್ಕು ಹಿಡ್ದು ಅರ್ಧ ಗಂಟೆ ಆಯ್ತು, ಒಳಗೆ ನೋಡಿದ್ರೆ ಕಪ್ಲರಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಬೆಲ್ಲದ ಥರ ಕರಗಿ ಗಟ್ಟಿಯಾಗಿದೆ. ಅರ್ಥ್ ವೈರ್ ಬಾಡಿಗೆ ಸ್ಕ್ರೂ ಮಾಡಿರೋ ಜಾಗದ ಮೇಲೇನೇ ಪೇಂಟ್ ಹೊಡ್ದಿದಾರೆ. ರಿಫ್ಲೆಕ್ಟರ್ ಕೆಳಗಡೆ ಬೆಳ್ಳಿ ಬಣ್ಣ ಎದ್ದು ಕಪ್ಪಾಗಿದೆ. ಅದನ್ನ ಒರೆಸಿದ್ರೆ ಸರಿ ಹೋಗುತ್ತಾ?

ವೈರಿಂಗ್_ಹಾಸನ:

ಒರೆಸ್ಬೇಡಿ, ಮುಟ್ಟಿದಷ್ಟೂ ಇರೋದೂ ಎದ್ದು ಬರುತ್ತೆ. ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ. ಅರ್ಥ್‌ಗೆ ಗಾಡಿ ಬಾಡೀನೇ ನಂಬ್ಕೊಂಡು ಕೂರ್ಬೇಡಿ ಸರ್, ಮಲೆನಾಡು ಮಳೆಗೆ ಬಾಡಿ ಅರ್ಥ್ ಎರಡು ವರ್ಷ ಬಂದ್ರೆ ದೊಡ್ದು, ಬ್ಯಾಟರಿ ಮೈನಸ್‌ನಿಂದ ಪ್ರತ್ಯೇಕ ವೈರ್ ಎಳೀರಿ. ವೈರ್ ತುದಿಗೆ ಥಿಂಬಲ್ ಒತ್ತಿದ್ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ) ಹಾಕಿ, ರಿಲೇನ ಕಾಲು ಕೆಳಗೆ ಬರೋ ಹಾಗೆ ಕೂರ್ಸಿ, ಇಲ್ಲಾಂದ್ರೆ ಅದ್ರಲ್ಲಿ ನೀರು ನಿಲ್ಲುತ್ತೆ.

ಜಿಪ್ಸಿ_ಕೊಡಗು:

ನಂದು 2003ರ ಮಾರುತಿ ಜಿಪ್ಸಿ, ಸೋಮವಾರಪೇಟೆ ಕಡೆ. 7 ಇಂಚಿನ ಪೂರ್ತಿ ಎಲ್‌ಇಡಿ ಸೆಟ್ ಹಾಕ್ಸಿ ಈಗ ನಾಲ್ಕು ವರ್ಷ. ಎಲ್‌ಇಡಿನೇ ಕೆಟ್ಟದು ಅಂತ ಯಾರೂ ತಿಳ್ಕೋಬೇಡಿ, ಲೆನ್ಸು ರಿಫ್ಲೆಕ್ಟರ್ ಎಲ್ಲಾ ಎಲ್‌ಇಡಿಗೇ ಅಂತ ಮಾಡಿರೋ ಒಳ್ಳೆ ಸೆಟ್ ಆದ್ರೆ ಬೆಳಕು ಕತ್ತರಿಸಿದ ಹಾಗೆ ಬೀಳುತ್ತೆ. ಆದ್ರೆ ನಾನು ಮೊದ್ಲು ತರ್ಸಿದ್ದು ರೋಡಿನ ಬಲಗಡೆ ಓಡ್ಸೋ ದೇಶದ ಸೆಟ್ಟು. ನಮ್ಮಲ್ಲಿ ಡಿಪ್ ಬೆಳಕು ಎಡಗಡೆ ಅಂಚಿಗೆ ಸ್ವಲ್ಪ ಮೇಲೇರ್ಬೇಕು, ರೋಡ್ ಪಕ್ಕ ನಡ್ಕೊಂಡು ಹೋಗೋರು ಕಾಣ್ಲಿ ಅಂತ. ಅದ್ರಲ್ಲಿ ಬಲಕ್ಕೆ ಏರ್ತಿತ್ತು, ಅಂದ್ರೆ ನೇರ ಎದುರಿನವ್ರ ಮುಖಕ್ಕೆ. ವಾಪಸ್ ಕಳ್ಸಿ ಎಡಗಡೆ ಓಡ್ಸೋ ದೇಶದ್ದು ತಗೊಂಡೆ. ತಗೊಳ್ಳೋ ಮುಂಚೆ ಗೋಡೆ ಮೇಲೆ ಬಿಟ್ಟು ತೋರ್ಸಿ ಅಂತ ಕೇಳಿ. ಇನ್ನೊಂದು, ಎಲ್‌ಇಡಿ ಗಾಜು ಬಿಸಿ ಆಗಲ್ಲ, ಹಾಗಾಗಿ ಒಳಗೆ ಬೆವರು ಕೂತ್ರೆ ಬೇಗ ಹೋಗಲ್ಲ.

ನಿಮ್ಮ ಮಂಜಿನ ರೋಡಿಗೆ ನಂಗೇನೋ ರಿಲೇ ಜೊತೆ 60/55 ಹ್ಯಾಲೋಜನ್ನೇ ಸರಿ ಅನ್ಸುತ್ತೆ, ಹಳದಿ ಬೆಳಕು ಮಳೇಲಿ ಕಣ್ಣಿಗೆ ಹಿತ. ಜಿಪ್ಸಿ ಇರೋರು ಇದನ್ನ ನೋಡಿ ವೈರಿಂಗ್ ಮಾಡೋದಾದ್ರೆ ಟೆಸ್ಟ್ ಲ್ಯಾಂಪ್ ಹಾಕಿ ನೋಡ್ಕೊಳ್ಳಿ, ಜಪಾನ್ ಮೂಲದ ಕೆಲವು ಗಾಡೀಲಿ ಸ್ವಿಚ್ ಇರೋದು ಅರ್ಥ್ ಕಡೆ, ಜೀಪಿನ ರಿಲೇ ಕಿಟ್ ಅದಕ್ಕೆ ಹಾಗೇ ಕೂರಲ್ಲ.

ಲೈಟ್ ಹೊಂದಿಸೋದನ್ನ ಮಾತ್ರ ಅಂಗ್ಡಿಗೆ ಬಿಡ್ಬೇಡಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಸಿ, ಬಲ್ಬಿನ ಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ, ಡಿಪ್ಪಿನ ಅಂಚು ಟೇಪಿಗಿಂತ ಎರಡು ಮೂರು ಇಂಚು ಕೆಳಗೆ ಬರ್ಬೇಕು. ಕಾಫಿ ಮೂಟೆ ಹೇರೋ ಗಾಡಿ ಆದ್ರೆ ಹಿಂದೆ ಮೂಟೆ ಹಾಕ್ಕೊಂಡೇ ಹೊಂದ್ಸಿ, ಭಾರಕ್ಕೆ ಗಾಡಿ ಹಿಂಭಾಗ ಕುಸಿದ್ರೆ ಮೂತಿ ಎದ್ದು ಲೈಟು ಮರದ ತುದಿಗೆ ಹೋಗುತ್ತೆ.

ಕಾಫಿತೋಟ_540:

ಹನ್ನೆರಡು ದಿನ ಆಯ್ತು, ಬಂದು ಹೇಳೋಣ ಅಂತ. ರಿಲೇ, ಸೆರಾಮಿಕ್ ಹೋಲ್ಡರ್, ಹೊಸ ಗಾಜಿನ ಹೆಡ್‌ಲೈಟ್ ಒಂದು ಜೊತೆ, 60/55 ಬಲ್ಬು, ಎಡ ಬಲಕ್ಕೆ ಬೇರೆ ಫ್ಯೂಸ್. ವೈರ್ ನಾನು ಅಪ್ಪ ಇಬ್ರೇ ಕೂತು ಎಳೆದ್ವಿ, ಅಪ್ಪ ಟಾರ್ಚ್ ಹಿಡ್ದು ಇಡೀ ದಿನ ಪಕ್ಕದಲ್ಲೇ ಇದ್ರು. ಈಗ ಬಲ್ಬ್ ಹಿಂದೆ 13.5 ಬರ್ತಿದೆ. ಫಾಗ್ ಲ್ಯಾಂಪ್ ಇನ್ನೂ ಹಾಕಿಲ್ಲ. ಐದು ಮೂಟೆ ಹಿಂದೆ ಹಾಕ್ಕೊಂಡು ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಜಾಗ) ಗೋಡೆಗೆ ಟೇಪ್ ಅಂಟಿಸಿ ಹೊಂದ್ಸಿದ್ವಿ.

ನಿನ್ನೆ ರಾತ್ರಿ ಅಮ್ಮನ್ನ ಕೂರ್ಸ್ಕೊಂಡೇ ಘಾಟಿ ಹತ್ತಿದೆ. ಒಬ್ರೂ ಡಿಪ್ ಹೊಡೀಲಿಲ್ಲ. ತೋಟದ ತಿರುವಲ್ಲಿ, ಆವತ್ತು ಆನೆ ನಿಂತಿದ್ದ ಜಾಗದಲ್ಲೇ, ಈಗ ಬ್ರೈಟ್ ಹಾಕಿದ್ರೆ ಆಚೆ ತುದಿಯ ಸಿಲ್ವರ್ ಮರದ ಮೇಲಿನ ಮೆಣಸಿನ ಬಳ್ಳಿ ಎಲೆ ಎಲೆ ಕಾಣುತ್ತೆ. ಅಮ್ಮ ಏನೂ ಹೇಳ್ಲಿಲ್ಲ, ಮುಂದಿನ ಗುರುವಾರ ಡಾಕ್ಟರ್ ಸಂಜೆ ನಾಲ್ಕಕ್ಕೆ ಬರೋಕೆ ಹೇಳಿದಾರೆ ಅಂದ್ರು ಅಷ್ಟೇ.

ಒಂದು ಉಳ್ದಿದೆ. ಎಡಗಡೆ ಹೊಂದಿಸೋ ಸ್ಕ್ರೂ ತಿರುಪು ಸವೆದಿದೆ, ಕಲ್ಲು ರೋಡಲ್ಲಿ ಹೋದ್ರೆ ಲೈಟ್ ನಿಧಾನಕ್ಕೆ ಕೆಳಗೆ ಇಳೀತಿದೆ. ಆ ಸ್ಕ್ರೂ ಮತ್ತೆ ಅದರ ಪ್ಲಾಸ್ಟಿಕ್ ನಟ್ ಮಾತ್ರ ಬೇರೆಯಾಗಿ ಸಿಗುತ್ತಾ, ಇಲ್ಲಾ ಹೆಡ್‌ಲೈಟ್ ಕೂರೋ ಬಕೆಟ್ ಪೂರ್ತಿ ತಗೋಬೇಕಾ? ಚಿಕ್ಕಮಗ್ಳೂರಲ್ಲಾಗ್ಲಿ ಹಾಸನದಲ್ಲಾಗ್ಲಿ ಸಿಕ್ಕಿರೋರು ಇದ್ರೆ ಹೇಳಿ, ಗುರುವಾರದ ಒಳಗೆ ಹಾಕ್ಬೇಕು.