ಬಗ್ ಸರಿಯಾಗಿದೆ, ಟ್ರ್ಯಾಕರ್‌ನಲ್ಲಿ ಇನ್ನೂ ಹಾಗೇ ಇದೆ: ಯಾವ ಟ್ರ್ಯಾಕರ್‌ಗೆ ಹೋಗಲಿ?

ಪ್ರಶ್ನೆ:
ನಾವು ಐದು ಜನ ಬಿಡುವಿನಲ್ಲಿ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತೇವೆ. ಕೋಡ್ ಗಿಟ್‌ಲ್ಯಾಬ್ ತಾಣದಲ್ಲಿದೆ, ಬಗ್‌ಗಳ (ಕೋಡ್‌ನ ದೋಷಗಳ) ಪಟ್ಟಿ ನಮ್ಮದೇ ಸರ್ವರ್‌ನ ಬಗ್‌ಜಿಲ್ಲಾ ಎಂಬ ಟ್ರ್ಯಾಕರ್‌ನಲ್ಲಿದೆ. ಪ್ಯಾಚ್ (ತಿದ್ದುಪಡಿ) ಕೋಡ್‌ಗೆ ಸೇರಿದ ಮೇಲೆ ಬಗ್‌ಜಿಲ್ಲಾಗೆ ಹೋಗಿ ಬಗ್ ಕ್ಲೋಸ್ ಮಾಡಲು ಯಾರಿಗೂ ನೆನಪಾಗುವುದಿಲ್ಲ. ಹೋದ ವಾರ ಹೊಸಬರೊಬ್ಬರು ಹಳೆಯ ರಿಲೀಸ್ ಇಟ್ಟುಕೊಂಡು ಎರಡು ದಿನ ಒಂದು ಬಗ್ ಹಿಂದೆ ಬಿದ್ದರು. ಅದು ಎಂದೋ ಸರಿಯಾಗಿತ್ತು. ತುಂಬಾ ಬೇಜಾರಾಯಿತು. ಬೇರೆ ಟ್ರ್ಯಾಕರ್‌ಗಳಾದ ರೆಡ್‌ಮೈನ್, ಮ್ಯಾಂಟಿಸ್ ಎರಡರಲ್ಲಿ ಯಾವುದು ಒಳ್ಳೆಯದು?

ಉತ್ತರ:
ಎರಡಕ್ಕೂ ಹೋಗಬೇಡಿ ಅಂತೀನಿ. ಕೋಡ್ ಒಂದು ಕಡೆ, ಬಗ್ ಇನ್ನೊಂದು ಕಡೆ ಇರೋದೇ ನಿಮ್ಮ ತೊಂದರೆ, ಅಲ್ವಾ? ರೆಡ್‌ಮೈನ್‌ಗೆ ರೆಪೊ (ಕೋಡ್ ಭಂಡಾರ) ಜೋಡಿಸಬಹುದು, ನಿಜ. ಆದರೆ ಸರ್ವರ್, ಅಪ್‌ಡೇಟ್, ಸ್ಪ್ಯಾಮ್ ಎಲ್ಲ ನಿಮ್ಮ ತಲೆ ಮೇಲೇ ಉಳಿಯುತ್ತವೆ. ಗಿಟ್‌ಲ್ಯಾಬ್‌ನೊಳಗೇ ಇರುವ ಟ್ರ್ಯಾಕರ್, ಅಂದರೆ ಅದರ ಇಶ್ಯೂಗಳನ್ನೇ ಬಳಸಿ. ಕಮಿಟ್ (ಕೋಡ್‌ನಲ್ಲಿ ದಾಖಲಿಸುವ ಪ್ರತಿ ಬದಲಾವಣೆ) ಸಂದೇಶದಲ್ಲಿ ‘ಕ್ಲೋಸಸ್’ ಪದದ ಜೊತೆ ಇಶ್ಯೂ ಸಂಖ್ಯೆ ಹಾಕಿದರೆ ಸಾಕು. ಅದು ಡೀಫಾಲ್ಟ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಶಾಖೆಗೆ) ಸೇರಿದ ಕೂಡಲೇ ಇಶ್ಯೂ ತಾನಾಗಿ ಕ್ಲೋಸ್ ಆಗುತ್ತದೆ.

ದೊಡ್ಡ ಯೋಜನೆಗಳೂ ಕೋಡ್ ಇರುವಲ್ಲಿಗೇ ಬಗ್‌ಗಳನ್ನು ತಂದಿವೆ. ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂ 2021ರಲ್ಲಿ ಬಗ್‌ಜಿಲ್ಲಾ ಬಿಟ್ಟು, ಗಿಟ್‌ಲ್ಯಾಬ್‌ನಂಥದೇ ತಾಣವಾದ ಗಿಟ್‌ಹಬ್‌ನ ಇಶ್ಯೂಗೆ ಬಂತು. ಮರುವರ್ಷ ಪೈಥಾನ್ ಭಾಷೆಯ ಯೋಜನೆ ಕೂಡ ರೌಂಡಪ್ ಎಂಬ ಟ್ರ್ಯಾಕರ್ ಬಿಟ್ಟು ಅಲ್ಲಿಗೇ ಬಂತು.

ಪ್ರಶ್ನೆ ಕೇಳಿದವರು:
ಸರಿ ಅನ್ನಿಸುತ್ತಿದೆ. ಆದರೆ ಹಳೆಯ ಕಮಿಟ್‌ಗಳಲ್ಲೆಲ್ಲ ಬಗ್‌ಜಿಲ್ಲಾ ಸಂಖ್ಯೆಗಳಿವೆ. ಅವುಗಳ ಗತಿ? ನಮ್ಮಲ್ಲೊಬ್ಬರು ನೆಟ್ ಇಲ್ಲದ ಕಡೆಯೇ ಜಾಸ್ತಿ ಕೆಲಸ ಮಾಡುತ್ತಾರೆ.

ಉತ್ತರ:
ಸಂಖ್ಯೆಗಳನ್ನು ಖಂಡಿತ ಕಳೆಯಬೇಡಿ. ಯಾವುದೋ ವಿಚಿತ್ರ ಸಾಲು ಯಾಕೆ ಬಂತು ಅಂತ ತಿಳಿಯಲು ಎಷ್ಟೋ ಸಲ ಆ ಹಳೆಯ ಚರ್ಚೆ ಒಂದೇ ದಾರಿ. ಬಗ್‌ಜಿಲ್ಲಾ ಪುಟಗಳನ್ನು ಅದೇ ವಿಳಾಸದಲ್ಲಿ ಓದಲು ಮಾತ್ರ ಉಳಿಸಿ. ಪೈಥಾನ್‌ನವರು ಹಾಗೇ ಮಾಡಿದರು. ಹೊಸ ಇಶ್ಯೂಗಳಿಗೆ ಬೇರೆ ಸಂಖ್ಯೆ ಬರುತ್ತದೆ, ಅದಕ್ಕೆ ಶೀರ್ಷಿಕೆಯಲ್ಲಿ ಹಳೆಯ ಸಂಖ್ಯೆಯನ್ನೂ ಬರೆಯಿರಿ.

ಸುಮ್ನೆ ಎಲ್ಲವನ್ನೂ ಸಾಗಿಸಬೇಡಿ. ಕ್ಲೋಸ್ ಆಗದ ಪ್ರತಿ ಬಗ್ ಸಂಖ್ಯೆಯನ್ನೂ ಗಿಟ್ ಲಾಗ್‌ನಲ್ಲಿ (ಕಮಿಟ್‌ಗಳ ಇತಿಹಾಸದಲ್ಲಿ) ಗ್ರೆಪ್ ಮಾಡಿ, ಅಂದರೆ ಹುಡುಕಿ. ಸಿಕ್ಕರೆ ಆ ಕಮಿಟ್ ನೋಡಿ. ಪೂರ್ತಿ ಸರಿಯಾಗಿದ್ದರೆ ಬಗ್‌ಜಿಲ್ಲಾದಲ್ಲೇ ಕ್ಲೋಸ್ ಮಾಡಿ, ಅರ್ಧ ಸರಿಯಾಗಿದ್ದರೆ ಏನು ಬಾಕಿ ಅಂತ ಬರೆದು ಸಾಗಿಸಿ.

ನೆಟ್ ಇಲ್ಲದವರಿಗೆ ‘ಗಿಟ್-ಬಗ್’ ಅನ್ನೋ ಟ್ರ್ಯಾಕರ್ ಇದೆ. ಬಗ್‌ಗಳನ್ನು ಗಿಟ್ ರೆಪೊ ಒಳಗೇ ಇಡುತ್ತದೆ, ಗಿಟ್‌ಲ್ಯಾಬ್ ಜೊತೆಗೂ ಹೊಂದಿಸಬಹುದು. ಮೊದಲು ಒಂದು ಪ್ರಯೋಗದ ರೆಪೊದಲ್ಲಿ ನೋಡಿ.

ಪ್ರಶ್ನೆ ಕೇಳಿದವರು:
ಗ್ರೆಪ್ ಮಾಡಿದೆ. ಬಾಕಿ ಅಂತಿದ್ದವುಗಳಲ್ಲಿ ಅರ್ಧಕ್ಕರ್ಧ ಆಗಲೇ ಸರಿಯಾಗಿವೆ! ಉಳಿದವನ್ನು ಈ ವಾರ ಸಾಗಿಸುತ್ತೇವೆ. ಆ ಹೊಸಬರಿಗೂ ಕ್ಷಮೆ ಕೇಳಿ ಬರೆದಿದ್ದೇನೆ.